ಬಂದು ತಗೊಂಡು ಹೋಗಿ

"ಸೈಜು?" ಎಂದಳು ಅವಳು, ತಲೆಯೆತ್ತದೆ.

"ಎಲ್ಲಾ ಸೈಜಲ್ಲೂ ಚೆನ್ನಾಗೇ ಕಾಣುತ್ತೆ ಮೇಡಂ. ಮೊಬೈಲಲ್ಲೂ, ಕಂಪ್ಯೂಟರಲ್ಲೂ."

"ಗಾಜು ಬೇಕಾ, ಬೇಡ್ವಾ?"

"ಗಾಜಾ? ಅದು... ಸ್ಕ್ರೀನಲ್ಲೇ ಇರುತ್ತಲ್ಲ."

ಆಗ ಅವಳು ತಲೆಯೆತ್ತಿದಳು. ಎದುರಿಗೆ ನಿಂತವನ ಕೈಯಲ್ಲಿ ಫೋಟೋ ಇರಲಿಲ್ಲ, ಲ್ಯಾಪ್‌ಟಾಪಿನ ಬ್ಯಾಗಿತ್ತು. ಫೋಟೋಗೆ ಕಟ್ಟು ಹಾಕಿಸಲು ಬಂದ ಗಿರಾಕಿಯಲ್ಲ ಎಂದು ತಿಳಿದ ಕೂಡಲೇ ಅವಳು ಒಂದಿಷ್ಟು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿ ಹಿಡಿದು ಸುತ್ತಿಗೆ ಎತ್ತಿಕೊಂಡಳು. ಮಾತು ಮುಗಿಯಿತು ಎನ್ನುವುದಕ್ಕೆ ಆ ಅಂಗಡಿಯಲ್ಲಿ ಅದೇ ಗುರುತು.

"ನಾನೇ ಕರೆಸಿದ್ದು ಪುಟ್ಟೀ," ಎಂದರು ಒಳಗೆ ರಟ್ಟು ಕತ್ತರಿಸುತ್ತಿದ್ದ ಅವಳ ಅಪ್ಪ. "ಎದುರಿನ ಶೂ ರಿಪೇರಿಯವನಿಗೆ ವೆಬ್‌ಸೈಟು, ಪೇಜು ಎಲ್ಲಾ ಮಾಡಿಕೊಟ್ಟಿದ್ದು ಇವರೇ. ಈಗ ಅವನಿಗೆ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ. ನಾವು ಇಲ್ಲಿ ನೊಣ ಹೊಡೀತಾ ಕೂತಿದ್ದೀವಿ. ಹೀಗೇ ಆದ್ರೆ ಶಟರ್ ಎಳೆಯೋದೇ."

ಅವಳು ಮೊಳೆಗಳನ್ನು ಅಂಗೈಗೆ ಉಗುಳಿದಳು. "ಫೋಟೋಗಳೆಲ್ಲಾ ಫೋನಲ್ಲೇ ಕೂತಿರುವಾಗ ಕಟ್ಟು ಯಾರಿಗಪ್ಪಾ ಬೇಕು?"

"ಫೋನಲ್ಲಿ ಕೂತಿರೋದನ್ನ ಎಬ್ಬಿಸಿ ಗೋಡೆ ಹತ್ತಿಸೋದೇ ನನ್ನ ಕೆಲಸ ಮೇಡಂ. ದಿನಕ್ಕೊಂದು ಪೋಸ್ಟ್ ಹಾಕಿದ್ರೆ ಸಾಕು."

"ಓಹೋ. ಹಾಗಾದ್ರೆ ನೀವು ಪೋಸ್ಟ್ ಮಾಸ್ತರು."

ಆ ಹೆಸರು ಅವನಿಗೆ ಅಂಟಿಕೊಂಡಿತು. ಬೇಕರಿ, ಬೀಗದ ಅಂಗಡಿ, ಶೂ ರಿಪೇರಿ ಎಂದು ಸಣ್ಣಪುಟ್ಟ ಅಂಗಡಿಗಳ ಪೇಜು ನೋಡಿಕೊಂಡು ಹೊಟ್ಟೆ ಹೊರೆಯುತ್ತಿದ್ದವನನ್ನು ಅಲ್ಲಿಯವರೆಗೆ ಯಾರೂ ಅಷ್ಟು ಗೌರವದ ಹೆಸರಿನಿಂದ ಕರೆದಿರಲಿಲ್ಲ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅಳೆಯಲು ಅವನು ಹೋಗಲಿಲ್ಲ.

"ಮೊದಲು ವೆಬ್‌ಸೈಟ್ ಮಾಡ್ತೀರಾ?" ಎಂದು ಅಪ್ಪ ಕೇಳಿದರು.

"ಮೊದಲು ಒಳ್ಳೇ ಫೋಟೋ, ನಾಲ್ಕು ಜನ ನೋಡೋ ಪೋಸ್ಟು. ಸೈಟು ಆಮೇಲೆ. ಇಲ್ಲಾಂದ್ರೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಗುತ್ತೆ."

ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅಪ್ಪ ಸುಮ್ಮಸುಮ್ಮನೆ ಕೆಮ್ಮಿದರು. ಹಳಸಲು ಗಾದೆ ಹೇಳಿಬಿಟ್ಟೆನೇನೋ ಎಂದು ಪೋಸ್ಟ್ ಮಾಸ್ತರ ನಾಚಿಕೊಂಡ. ಪಾಪ, ಅವನಿಗೇನು ಗೊತ್ತು.

ಕೆಲಸ ಮಾಡುವಾಗ ಅವಳ ಬಾಯಲ್ಲಿ ಯಾವಾಗಲೂ ಮೊಳೆ. ಹಾಗಾಗಿ ಅವಳ ಅರ್ಧ ಮಾತುಕತೆ ಕಣ್ಣಿನಲ್ಲೇ ನಡೆಯುತ್ತಿತ್ತು. ಎಡಹುಬ್ಬು ಏರಿದರೆ 'ಏನು?' ಎಂದು. ಎರಡೂ ಏರಿದರೆ 'ಅಯ್ಯೋ ನಿಮ್ಮ ತಲೆ' ಎಂದು. ಕಣ್ಣು ಚೂರು ಕಿರಿದಾಗಿ ಕೆನ್ನೆ ಉಬ್ಬಿದರೆ ನಗು. ಮೊಳೆ ಬಿದ್ದೀತೆಂದು ತಡೆದುಕೊಂಡ ನಗು. ಆ ಮೂರನೆಯದನ್ನು ನೋಡುವುದಕ್ಕಾಗಿ ಅವನು ದಿನಾ ಒಂದಾದರೂ ಕೆಟ್ಟ ಜೋಕು ಜೋಡಿಸಿಕೊಂಡು ಬರತೊಡಗಿದ.

ಅವಳ ಗಂಡನ ವಿಷಯ ಅವನು ಒಮ್ಮೆ ಶೂ ರಿಪೇರಿಯವನ ಹತ್ತಿರ, ಯಾವುದೋ ಮಾತಿನ ನಡುವೆ ಎನ್ನುವಂತೆ, ಕೇಳಿದ್ದ. "ಗಂಡ ಇಲ್ಲ," ಎಂದಿದ್ದ ಅವನು ಹಿಮ್ಮಡಿಗೆ ಅಂಟು ಬಳಿಯುತ್ತ. 'ಇಲ್ಲ' ಅಂದರೆ ಯಾವ ಬಗೆಯ ಇಲ್ಲ ಎಂದು ಪೋಸ್ಟ್ ಮಾಸ್ತರ ವಿಚಾರಿಸಲಿಲ್ಲ. ಮನಸ್ಸಿಗೆ ಬೇಕಾದ ಉತ್ತರ ಸಿಕ್ಕಿದ ಮೇಲೆ ಮತ್ತೊಂದು ಪ್ರಶ್ನೆ ಯಾರು ಕೇಳುತ್ತಾರೆ?

ಅಂಗಡಿಯ ಹಿಂಬದಿಯಲ್ಲಿ ಒಂದು ಉದ್ದದ ಶೆಲ್ಫಿತ್ತು. ಫೋಟೋ ಕೊಟ್ಟು, ಕಟ್ಟು ಹಾಕಿಸಿ, ತೆಗೆದುಕೊಂಡು ಹೋಗಲು ಬಾರದೇ ಹೋದವರ ಫೋಟೋಗಳೆಲ್ಲ ಅಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಕಂಡದ್ದೇ ತಡ, ಅವನ ತಲೆ ಓಡಿತು.

"ಇವನ್ನೇ ಪೋಸ್ಟ್ ಮಾಡೋಣ. ದಿನಕ್ಕೊಂದು."

"ಅವರಿಗೇ ಬೇಡವಾದದ್ದನ್ನ ಲೋಕ ಯಾಕೆ ನೋಡುತ್ತೆ?"

"ಲೋಕಕ್ಕೆ ಇರೋದೇ ಆ ಕೆಲಸ ಮೇಡಂ."

ಎರಡೂ ಹುಬ್ಬು ಏರಿದವು. "ಏನಾದ್ರೂ ಮಾಡ್ಕೊಳ್ಳಿ. ಆ ಶೆಲ್ಫಲ್ಲಿರೋ ಯಾವುದನ್ನ ಬೇಕಾದ್ರೂ ಹಾಕಿ, ದಿನಾ ಬಂದು ನನ್ನ ತಲೆ ತಿನ್ನಬೇಡಿ," ಎಂದಳು.

ಮೊದಲು ಹಾಕಿದ್ದು ಸೈಕಲ್ ಮೇಲೆ ಕೂತ ಒಂದು ಹುಡುಗಿಯ ಹಳೆಯ ಫೋಟೋ. ಕೆಳಗೆ ಅವನು ಬರೆದ: 'ಸೈಕಲ್ ಹುಡುಗೀ, ನಿಮ್ಮ ಕಟ್ಟು ರೆಡಿಯಾಗಿದೆ. ಬಂದು ತಗೊಂಡು ಹೋಗಿ.' ಜನ ಹಂಚಿದರು. ಅವರಿವರ ಕೈ ದಾಟಿ ಅದು ಎಲ್ಲೆಲ್ಲೋ ಸುತ್ತಾಡಿತು. ಆ ವಾರ ಕೋಲೂರಿಕೊಂಡು ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದು, "ಆ ಸೈಕಲ್ ಹುಡುಗಿ ನಾನೇ ಕಣಮ್ಮ," ಎಂದರು. ಆ ಅಜ್ಜಿ ಕಟ್ಟನ್ನು ಎದೆಗವುಚಿ ಕೂತ ಫೋಟೋ ಇನ್ನಷ್ಟು ಓಡಿತು. ಆಮೇಲೆ ಅಂಗಡಿಯ ಬಾಗಿಲಲ್ಲಿ ಜನವೋ ಜನ. ಕೆಲವರು ಹಳೆಯದನ್ನು ಕೊಂಡೊಯ್ಯಲು, ಹೆಚ್ಚಿನವರು ಹೊಸದಕ್ಕೆ ಕಟ್ಟು ಹಾಕಿಸಲು. ಅಪ್ಪ ರಟ್ಟು ಕತ್ತರಿಸುತ್ತಾ ಹಾಡು ಗುನುಗತೊಡಗಿದರು.

ಪೇಜಿಗೆ ಮೆಸೇಜುಗಳು ಸುರಿಯತೊಡಗಿದಾಗ ಅವನೊಂದು ಉತ್ತರ ಬರೆದಿಟ್ಟ. ಯಾರು ಏನೇ ಕೇಳಲಿ, ಅದು ತಾನಾಗಿ ಹೋಗುತ್ತಿತ್ತು: 'ಖಂಡಿತ ಬನ್ನಿ. ನಿಮ್ಮ ಫೋಟೋ ಜೋಪಾನವಾಗಿದೆ. ನಿಮಗಾಗಿ ಕಾಯುತ್ತಿದ್ದೇವೆ.'

"ಕಾಯುತ್ತಿದ್ದೇವೆ?" ಅವಳು ಅವನ ಭುಜದ ಮೇಲಿಂದ ಬಗ್ಗಿ ಓದಿದಳು. ಅವಳ ಕಿವಿಯ ಹಿಂದಿನ ಪೆನ್ಸಿಲ್ಲು ಅವನ ಕೂದಲಿಗೆ ತಾಗಿತು. "ಯಾರ್‍ಯಾರು?"

"ನಾವು."

"ನಾವು ಅಂದ್ರೆ?"

"ಪೇಜು ಯಾವಾಗ್ಲೂ ನಾವು ಅಂತಲೇ ಮಾತಾಡುತ್ತೆ ಮೇಡಂ. ಅದೇ ಪದ್ಧತಿ." ಅವನು ಗಂಟಲು ಸರಿಮಾಡಿಕೊಂಡ. "ಅಂದ ಹಾಗೆ ಸೈಟಲ್ಲಿ 'ನಮ್ಮ ಬಗ್ಗೆ' ಅನ್ನೋ ಪುಟ ಇನ್ನೂ ಖಾಲಿ ಇದೆ. ಎರಡು ಸಾಲು ಹೇಳಿ ಅಂತ ಎಷ್ಟು ಸಲ ಕೇಳಿದ್ದೀನಿ."

"ನಮ್ಮ ಬಗ್ಗೆ ಹೇಳೋದಕ್ಕೆ ಏನಿದೆ ಪೋಸ್ಟ್ ಮಾಸ್ತರೇ?" ಎಂದವಳು ಒಂದು ಗಳಿಗೆ ತಡೆದು, "ಸದ್ಯಕ್ಕೆ?" ಎಂದಳು.

ಆ 'ಸದ್ಯಕ್ಕೆ' ಎನ್ನುವ ಒಂದು ಮಾತನ್ನು ಅವನು ಮನೆಗೆ ಕೊಂಡೊಯ್ದು ಬೆಳಗಿನವರೆಗೂ ಜೊತೆಗಿಟ್ಟುಕೊಂಡ.

ಮರುದಿನ ಅವನು ಗಿರಾಕಿಯಾಗಿಯೇ ಬಂದ. ತಾನೇ ತೆಗೆದಿದ್ದ ಅವಳದೊಂದು ಫೋಟೋ ಮೇಜಿನ ಮೇಲಿಟ್ಟ. ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ, ಕಣ್ಣಿನಲ್ಲಿ ಆ ಮೂರನೆಯ ನಗು. 'ಇದನ್ನೇನಾದ್ರೂ ಪೇಜಿಗೆ ಹಾಕಿದ್ರೆ ಸುತ್ತಿಗೆ ನಿಮ್ಮ ತಲೆ ಮೇಲೆ' ಎಂದು ಅವಳೇ ಹಿಂದೆ ಬೆದರಿಸಿದ್ದ ಫೋಟೋ.

"ಪೇಜಿಗಲ್ಲ. ನನ್ನ ಗೋಡೆಗೆ," ಎಂದ. "ಗಾಜು ಹಾಕಿ."

ಅವಳು ಫೋಟೋ ನೋಡಿದಳು, ಅವನನ್ನು ನೋಡಿದಳು, ಒಳಗೆ ಕೂತ ಅಪ್ಪನ ಬೆನ್ನು ನೋಡಿದಳು. ಕಿವಿ ಕೆಂಪಾಯಿತು. "ಇದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತೆ," ಎಂದಳು ಮೆಲ್ಲಗೆ. "ಕಾಯ್ತೀರಾ?"

"ಕಾಯುತ್ತಿದ್ದೇವೆ," ಎಂದ ಅವನು. ಈ ಸಲ ಅವಳ ಬಾಯಲ್ಲಿ ಮೊಳೆ ಇರಲಿಲ್ಲ. ಅವಳು ನಕ್ಕದ್ದು ರಸ್ತೆಗೂ ಕೇಳಿಸಿತು.

ಸುಖ ಬಂದಾಗ ಮನುಷ್ಯನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಶೆಲ್ಫು ಬಹುತೇಕ ಬರಿದಾಗಿತ್ತು. ಹಿಂದಿನ ಸಾಲಿನ ಮೂಲೆಯಲ್ಲಿ ಮುಖವನ್ನು ಗೋಡೆಗೆ ಮಾಡಿಟ್ಟಿದ್ದ ಒಂದು ಕಟ್ಟು ಅವನ ಕಣ್ಣಿಗೆ ಬಿತ್ತು. ತಿರುಗಿಸಿದ. ಒಬ್ಬ ಗಂಡಸು, ಬಿಳಿ ಟವೆಲಿನಲ್ಲಿ ಸುತ್ತಿದ ಹಸುಗೂಸನ್ನು ಎತ್ತಿಕೊಂಡು, ಜಗತ್ತನ್ನೇ ಗೆದ್ದವನ ಹಾಗೆ ನಗುತ್ತಿದ್ದ. ಉಳಿದವುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಇದರ ಗಾಜು ಮಾತ್ರ ಈಗಷ್ಟೇ ಒರೆಸಿದ ಹಾಗೆ ಫಳಫಳ. ಹೊಸದಿರಬೇಕು ಎಂದುಕೊಂಡ. 'ಪುಟ್ಟ ಗಿರಾಕಿಯ ಅಪ್ಪನೇ, ಬಂದು ತಗೊಂಡು ಹೋಗಿ' ಎಂದು ಬರೆದು ಪೋಸ್ಟ್ ಹಾಕಿದ.

ಸಂಜೆ ಹೊತ್ತಿಗೆ ಅದು ಹಿಂದಿನ ಎಲ್ಲ ಪೋಸ್ಟುಗಳನ್ನೂ ಮೀರಿಸಿತ್ತು. ಹಿಗ್ಗಿನಿಂದ ಫೋನನ್ನು ಅವಳ ಮುಂದೆ ಹಿಡಿದ. "ನೋಡಿ, ಮಗು ನೋಡಿ ಎಲ್ಲರೂ ಮರುಳಾಗಿದ್ದಾರೆ!"

ಮೊಳೆಗಳು ಅವಳ ತುಟಿಯಿಂದ ಜಾರಿ ನೆಲದ ಮೇಲೆ ಚೆಲ್ಲಿದವು.

ಅವಳು ಅಳಲಿಲ್ಲ. ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು, ಒಂದೊಂದೇ ಮೊಳೆ ಹೆಕ್ಕುತ್ತ ಹೇಳಿದಳು. ಅದು ಅವಳ ಮಗು. ತೊಟ್ಟಿಲ ಹೆಸರು ಕೂಡ ಇಡುವ ಮುಂಚೆ ಹೋಯಿತು. ಆ ಗಂಡಸು ಅವಳ ಗಂಡ. ಮಗು ಹೋದ ಮೇಲೆ ಅವನಿಗೆ ಮನೆಯ ಗೋಡೆಗಳನ್ನು ನೋಡಲಾಗಲಿಲ್ಲ, ಅವಳ ಮುಖ ನೋಡಲಾಗಲಿಲ್ಲ. "ಒಂದು ದಿನ ಈ ಫೋಟೋ ಕೈಗೆ ಕೊಟ್ಟು, ಕಟ್ಟು ಹಾಕಿಡು, ಬಂದು ತಗೊಂಡು ಹೋಗ್ತೀನಿ ಅಂದ. ಹೋದವನು ಬರಲಿಲ್ಲ. ನಾನು ಹಾಕಿಟ್ಟೆ. ನೋಡೋಕಾಗಲ್ಲ ಅಂತ ಗೋಡೆಗೆ ತಿರುಗಿಸಿಟ್ಟೆ. ಒರೆಸದೇ ಇರೋಕೂ ಆಗಲಿಲ್ಲ."

ಕೂಸು, ಕುಲಾವಿ. ತಾನು ಹೇಳಿದ ಗಾದೆ ಈಗ ನೆನಪಾಗಿ ಪೋಸ್ಟ್ ಮಾಸ್ತರ ನಾಲಿಗೆ ಕಚ್ಚಿಕೊಂಡ. "ಈಗಲೇ ತೆಗೆದುಬಿಡ್ತೀನಿ," ಎಂದು ಪೋಸ್ಟನ್ನು ಅಳಿಸಿದ.

ಅಳಿಸಿದ ಮೇಲೆ ಇನ್‌ಬಾಕ್ಸ್ ಕಾಣಿಸಿತು. ಆಗ ತಾನೇ ಬಂದ ಒಂದು ಮೆಸೇಜು: 'ಆ ಫೋಟೋ ನಂದು. ಅವಳು ಅಲ್ಲೇ ಇದ್ದಾಳಾ? ನಾನು ಬರಬಹುದಾ?' ಕೆಳಗೇ, ತಾನಾಗಿ ಹೋಗಿದ್ದ ಉತ್ತರ: 'ಖಂಡಿತ ಬನ್ನಿ. ನಿಮ್ಮ ಫೋಟೋ ಜೋಪಾನವಾಗಿದೆ. ನಿಮಗಾಗಿ ಕಾಯುತ್ತಿದ್ದೇವೆ.'

ಹೆಬ್ಬೆರಳು ಹತ್ತಿರದಲ್ಲೇ ಇತ್ತು. ಮೆಸೇಜು ಅಳಿಸಬಹುದಿತ್ತು. ಆ ಮನುಷ್ಯನನ್ನು ಬ್ಲಾಕ್ ಮಾಡಬಹುದಿತ್ತು. ಪಾಸ್‌ವರ್ಡ್ ಇರುವುದು ಅವನೊಬ್ಬನ ಹತ್ತಿರವೇ, ಕೇಳುವವರು ಯಾರು? ಅವನು ಅವಳನ್ನು ಪ್ರೀತಿಸುತ್ತಿದ್ದ. ಪ್ರೀತಿಸುತ್ತಿದ್ದುದರಿಂದಲೇ ಆ ಆಸೆ ಬಂತು, ಪ್ರೀತಿಸುತ್ತಿದ್ದುದರಿಂದಲೇ ಅದು ಕೈಗೂಡಲಿಲ್ಲ. ಮೊಳೆ ಹೆಕ್ಕುತ್ತಿದ್ದ ಆ ಕೈಗೆ ಅವನು ಫೋನು ಕೊಟ್ಟ.

ಅವಳು ಬಹಳ ಹೊತ್ತು ಓದಿದಳು. ಓದಲು ಅಲ್ಲಿ ಅಷ್ಟೊಂದು ಇರಲಿಲ್ಲ.

"ಈ ಉತ್ತರ?"

"ಅದು ತಾನಾಗಿ ಹೋಗಿದ್ದು. ನಾನು ಬರೆದಿಟ್ಟಿದ್ದು... ತಪ್ಪಾಯ್ತು. ಸುಳ್ಳು ಹೇಳಿದ ಹಾಗಾಯ್ತು. ಬೇಡ ಅಂತ ಈಗಲೇ ಬರೀತೀನಿ, ನೀವು ಹೂಂ ಅನ್ನಿ."

ಅವಳು ಹೂಂ ಅನ್ನಲಿಲ್ಲ. "ಸುಳ್ಳಲ್ಲ ಪೋಸ್ಟ್ ಮಾಸ್ತರೇ," ಎಂದಳು. "ಅದೇ ಕಷ್ಟ."

ಅವಳ ಗಂಡ ಬಂದದ್ದು ಒಂದು ಮಧ್ಯಾಹ್ನ. ಪೋಸ್ಟ್ ಮಾಸ್ತರ ಎದುರಿನ ಶೂ ರಿಪೇರಿಯವನ ಕಟ್ಟೆಯ ಮೇಲಿಂದ ನೋಡಿದ. ಫೋಟೋದಲ್ಲಿದ್ದ ಗಂಡಸೇ, ಆದರೆ ನಗು ಯಾರೋ ಒರೆಸಿ ತೆಗೆದ ಹಾಗಿತ್ತು, ಕೂದಲು ನರೆತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತ. ಅವಳು ಆ ಕಟ್ಟನ್ನು ತಂದು ಅವನ ಕೈಗಿಟ್ಟಳು. ಅವನು ಮಗುವಿನ ಮುಖ ನೋಡಿ ಅಲ್ಲೇ ನೆಲಕ್ಕೆ ಕುಸಿದ. ಅವಳೂ ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ಬೇರೆ ಬೇರೆ ಊರಿನಲ್ಲಿ ಒಬ್ಬೊಬ್ಬರೇ ಅತ್ತವರು ಅಂದು ಒಟ್ಟಿಗೆ ಅತ್ತರು. ಅಪ್ಪ ಮೆಲ್ಲನೆ ಎದ್ದು ಅಂಗಡಿಯ ಶಟರನ್ನು ಅರ್ಧ ಇಳಿಸಿದರು.

ಪೋಸ್ಟ್ ಮಾಸ್ತರ ಮತ್ತೆ ಆ ಮೆಟ್ಟಿಲು ಹತ್ತಿದ್ದು ಪಾಸ್‌ವರ್ಡ್ ಕೊಟ್ಟುಹೋಗಲು. ಒಳಗೆ ಅಪ್ಪನ ಪಕ್ಕದಲ್ಲಿ ಅವಳ ಗಂಡ ತಲೆ ತಗ್ಗಿಸಿ ರಟ್ಟು ಕತ್ತರಿಸುವುದನ್ನು ಕಲಿಯುತ್ತಿದ್ದ.

"ನಿಮ್ಮ ಮೇಲೆ ನನಗೆ ಮನಸ್ಸಿರಲಿಲ್ಲ ಅಂದ್ರೆ ಅದು ಸುಳ್ಳು," ಎಂದಳು ಅವಳು, ಅವನಿಗಷ್ಟೇ ಕೇಳುವಂತೆ. "ಈಗಲೂ ಇಲ್ಲ ಅಂದ್ರೆ ಅದೂ ಸುಳ್ಳೇ. ಆದ್ರೆ ಆ ಕೂಸಿನ ತೂಕ ಎಷ್ಟಿತ್ತು ಅಂತ ಈ ಲೋಕದಲ್ಲಿ ಗೊತ್ತಿರೋ ಕೈಗಳು ನಾಲ್ಕೇ. ಎರಡನ್ನ ನಾನು ಹೇಗೆ ಹೊರಗೆ ಕಳಿಸಲಿ?"

ಅವನು ಪಾಸ್‌ವರ್ಡ್ ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟ.

"'ನಮ್ಮ ಬಗ್ಗೆ' ಖಾಲಿ ಇದೆ ಅಂದಿದ್ರಲ್ಲ," ಎಂದಳು. "ಬರ್ಕೊಳ್ಳಿ. ಇದು ಅಪ್ಪ ಶುರು ಮಾಡಿದ ಅಂಗಡಿ. ನೀವು ಕೊಟ್ಟಿದ್ದನ್ನ ಎಷ್ಟು ವರ್ಷ ಆದ್ರೂ ನಾವು ಜೋಪಾನ ಮಾಡ್ತೀವಿ."

ಅವನು ಟೈಪ್ ಮಾಡಿದ. ಎದುರಿಗಿರುವವನು ಒಳಗಿದ್ದಾನೋ ಹೊರಗಿದ್ದಾನೋ ಎಂದು ಹೇಳದ ಮೋಸದ ಪದ ಈ 'ನಾವು'. ಬೆರಳು ಅದರ ಮೇಲೆ ಸ್ವಲ್ಪ ತಡೆಯಿತು. ಆಮೇಲೆ ಪುಟವನ್ನು ಸೈಟಿಗೇರಿಸಿದ.

ಅವಳು ಮೇಜಿನ ಕೆಳಗಿನಿಂದ ಒಂದು ಕಟ್ಟು ತೆಗೆದಳು. ಬಾಯಲ್ಲಿ ಮೊಳೆ, ಕಣ್ಣಿನಲ್ಲಿ ನಗು. ಗಾಜು ಹಾಕಿದ್ದಳು, ಹಿಂದೆ ತೂಗುಹಾಕಲು ದಾರವನ್ನೂ ಕಟ್ಟಿದ್ದಳು. "ನಿಮ್ಮದು ರೆಡಿಯಾಗಿದೆ. ತಗೊಂಡು ಹೋಗಿ."

ಅವನು ಕೈ ಚಾಚಿದ. ಗಾಜಿಗೆ ಬೆರಳು ತಾಗಿತು. ಕೈ ಹಿಂದೆ ತೆಗೆದುಕೊಂಡ.

"ಇರಲಿ," ಎಂದ. "ಬಂದು ತಗೊಂಡು ಹೋಗ್ತೀನಿ."

ಅವಳು ಆ ಮಾತನ್ನು ಎರಡನೆಯ ಸಲ ಕೇಳುತ್ತಿದ್ದಳು. ಗಡಿಬಿಡಿಯಲ್ಲಿ ಒಂದಿಷ್ಟು ಮೊಳೆ ತೆಗೆದು ತುಟಿಗಳ ನಡುವೆ ಕಚ್ಚಿ ಹಿಡಿದಳು. ಹೊಡೆಯಲು ಎದುರಿಗೆ ಯಾವ ಕಟ್ಟೂ ಇರಲಿಲ್ಲ.

ಬಾಗಿಲಲ್ಲಿ ಅವನು ತಿರುಗಿದ. "ಮೇಡಂ, ಇದೊಂದನ್ನ ಮಾತ್ರ ಪೋಸ್ಟ್ ಮಾಡಬೇಡಿ."

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

ರಸ್ತೆ ದಾಟಿ ಅವನು ಒಮ್ಮೆ ಹಿಂದೆ ನೋಡಿದ. ಅವಳು ಶೆಲ್ಫಿನ ಮುಂದೆ ನಿಂತು ಆ ಕಟ್ಟಿನ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿ, ಹಿಂದಿನ ಸಾಲಿನ ಮೂಲೆಯಲ್ಲಿ, ಮುಖವನ್ನು ಗೋಡೆಗೆ ಮಾಡಿ ಇಟ್ಟಳು.