ದೀಪ ಹಚ್ಚುವವನ ಪುಟ

ದೂರು ಠಾಣೆಗೆ ಬಂದದ್ದು ಸೋಮವಾರ ಬೆಳಿಗ್ಗೆ, ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂರುವ ಮೊದಲೇ. ತಂದವರು ಇಬ್ಬರು. ಒಬ್ಬರು ಹಳೆ ದಾಖಲೆಗಳ ಕಚೇರಿಯ ಅಧಿಕಾರಿ, ಈ ವರ್ಷವಷ್ಟೇ ಊರಿಗೆ ವರ್ಗವಾಗಿ ಬಂದವರು. ಇನ್ನೊಬ್ಬರು ಶಾಲೆಯ ಟೀಚರಮ್ಮ. ಅಧಿಕಾರಿಗೆ ನೌಕರಿಯ ಭಯ, ಟೀಚರಮ್ಮನಿಗೆ ಸಿಟ್ಟು.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು ಹಾಳೆ ಸಾರ್," ಅಧಿಕಾರಿ ಹೇಳಿದರು.

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ಠಾಣೆಯಲ್ಲಿ ಎಲ್ಲರೂ ಅವನನ್ನು ನಿಧಾನಿ ಎಂದೇ ಕರೆಯುತ್ತಿದ್ದರು. ಚಹಾ ಕುಡಿಯಲು ಶುರು ಮಾಡಿದರೆ ಅದು ಆರಿ ತಣ್ಣಗಾಗುವವರೆಗೆ ಬಿಡುವ ಆಸಾಮಿಯಲ್ಲ.

"ನಿಮಗೆ ಅದು ಹಾಳೆ," ಟೀಚರಮ್ಮ ಅವನ ಕಡೆ ತಿರುಗಿ ಹೇಳಿದರು. "ನನಗೆ ಅದು ನಮ್ಮ ತಾತ."

ತಾತ ಹಿಂದೆ ಪುರಸಭೆಯಲ್ಲಿ ಬೀದಿ ದೀಪ ಹಚ್ಚುವ ಕೆಲಸದಲ್ಲಿದ್ದವರು. ಸಂಜೆಯಾದರೆ ಏಣಿ ಹೆಗಲಿಗೇರಿಸಿ, ಎಣ್ಣೆ ಡಬ್ಬ ಹಿಡಿದು, ಕಂಬದಿಂದ ಕಂಬಕ್ಕೆ. ಒಂದು ಸಂಜೆ ಏಣಿ ಜಾರಿ ಬಿದ್ದರು, ಮತ್ತೆ ಏಳಲಿಲ್ಲ. ಮನೆಯಲ್ಲಿ ಅವರದೊಂದು ಫೋಟೊ ಇಲ್ಲ, ಒಂದು ಅಂಗಿ ಕೂಡ ಉಳಿದಿಲ್ಲ. ಟೀಚರಮ್ಮ ಎರಡು ವರ್ಷದಿಂದ ರಜೆ ಬಂದಾಗಲೆಲ್ಲ ಕಚೇರಿ ಕಚೇರಿ ಅಲೆದು ತಾತನನ್ನು ಚೂರು ಚೂರಾಗಿ ಒಟ್ಟುಮಾಡುತ್ತಿದ್ದರು. ಜನನ ನೋಂದಣಿಯಲ್ಲಿ ಒಂದು ಸಾಲು ಸಿಕ್ಕಿತ್ತು, ಆಸ್ಪತ್ರೆಯ ಮರಣ ನೋಂದಣಿಯಲ್ಲಿ ಇನ್ನೊಂದು. ನಡುವಿನ ಬದುಕು ಮಾತ್ರ ಖಾಲಿ. ಪುರಸಭೆಯ ಹಳೆ ಕಟ್ಟಡ ಕೆಡವುವಾಗ ಅಟ್ಟದಿಂದ ಇಳಿದು ದಾಖಲೆ ಕಚೇರಿ ಸೇರಿದ, ನೌಕರರ ವಿವರವಿದ್ದ ಸೇವಾ ಪುಸ್ತಕದಲ್ಲಿ ಹೋದ ತಿಂಗಳು ಆ ಹಾಳೆ ಕಣ್ಣಿಗೆ ಬಿದ್ದಿತ್ತು.

"ಏನಿತ್ತು ಅದರಲ್ಲಿ?"

"ಎತ್ತರ, ಬಣ್ಣ, ಬಲಹುಬ್ಬಿನ ಮೇಲೆ ಗಾಯದ ಗುರುತು. ಕೆಲಸಕ್ಕೆ ಸೇರಿದ ದಿನ ಒತ್ತಿದ ಎಡಗೈ ಹೆಬ್ಬೆಟ್ಟು. ಆವತ್ತು ಕಚೇರಿ ಮುಚ್ಚೋ ಹೊತ್ತು, ಪ್ರತಿ ಮಾಡಿಸಿಕೊಳ್ಳೋಕೆ ಆಗಲಿಲ್ಲ. ಮೊನ್ನೆ ಶನಿವಾರ ಹೋದೆ, ಹಾಳೆಯೇ ಇಲ್ಲ."

"ಹಾಳೆ ಇರೋ ವಿಷಯ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ. ಮನೆಯವರಿಗೆ ಬಿಟ್ರೆ."

ಸರ್ಕಾರಿ ದಾಖಲೆ ಕಳವು ಎಂದು ಎಫ್‌ಐಆರ್ ದಾಖಲಾಯಿತು. ನಿಧಾನಿ ಅದನ್ನು ಬರೆದು ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ಮಧ್ಯಾಹ್ನ ಸ್ಥಳ ಪರಿಶೀಲನೆ. ದಾಖಲೆ ಕಚೇರಿಯ ಓದುಕೋಣೆಯಲ್ಲಿ ಉದ್ದನೆಯ ಮೇಜು, ಎತ್ತರದ ಕಿಟಕಿ, ಹಳೆ ಕಾಗದದ ಒಣ ವಾಸನೆ. ಆ ವಾಸನೆಗೆ ಇನ್‌ಸ್ಪೆಕ್ಟರಿಗೆ ತಮ್ಮ ಪ್ರಾಥಮಿಕ ಶಾಲೆಯ ಬೀರು ನೆನಪಾಯಿತು. ಅದರಲ್ಲಿದ್ದ ನಕಾಶೆಗಳನ್ನು ಸುರುಳಿ ಬಿಚ್ಚಿ ಹಿಡಿಯುವ ಕೆಲಸ ಯಾವಾಗಲೂ ತಮ್ಮದೇ ಆಗಿತ್ತೆಂದು ನೆನಪಾಗಿ, ಒಂದು ಗಳಿಗೆ ತಾವು ಬಂದ ಕೆಲಸವನ್ನೇ ಮರೆತು ನಿಂತರು.

ಸಂದರ್ಶಕರ ಪುಸ್ತಕ ನೋಡಿದ್ದಾಯಿತು. ಹೋದ ತಿಂಗಳಿಂದ ಈಚೆಗೆ ಸೇವಾ ಪುಸ್ತಕ ಕೇಳಿದವರು ಟೀಚರಮ್ಮ ಒಬ್ಬರೇ. ಇನ್‌ಸ್ಪೆಕ್ಟರ್ ಅವರತ್ತ ನೋಡಿದ ನೋಟಕ್ಕೆ ಟೀಚರಮ್ಮ ಕೆಂಡವಾದರು.

"ನಾನೇ ಕದ್ದು ನಾನೇ ದೂರು ಕೊಡ್ತೀನಾ ಸಾರ್?"

"ಕೊಟ್ಟವರನ್ನ ನೋಡಿದ್ದೀನಮ್ಮ. ಕೂತ್ಕೊಳ್ಳಿ."

ನಿಧಾನಿ ಆಗಲೇ ಸೇವಾ ಪುಸ್ತಕದ ಮೇಲೆ ಬಾಗಿದ್ದ. ಉಳಿದವರೆಲ್ಲ ಒಮ್ಮೆ ನೋಡಿ ಬಿಟ್ಟದ್ದನ್ನು ಅವನು ಹಾಳೆ ಹಾಳೆಯಾಗಿ ಮಗುಚುತ್ತಿದ್ದ. ಕಿಟಕಿಯ ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಯಿತು. ಅಧಿಕಾರಿ ಆಕಳಿಸಿದರು.

"ಸಾರ್," ಕೊನೆಗೆ ನಿಧಾನಿ ಬಾಯಿಬಿಟ್ಟ. "ಎಲ್ಲ ಕಡೆ ದಾರ ಹಳದಿ. ಇಲ್ಲಿ ಮಾತ್ರ ಬಿಳಿ. ಈ ಹಾಳೆಗೆ ಒಂದು ಬಟ್ಟೆ ಪಟ್ಟಿನೂ ಅಂಟಿಸಿದ್ದಾರೆ."

ಅಧಿಕಾರಿ ಕನ್ನಡಕ ಏರಿಸಿ ನೋಡಿದರು. ದೊಡ್ಡ ಹಾಳೆಯೊಂದನ್ನು ನಡುವೆ ಮಡಚಿ ಹೊಲಿದು ಇಂಥ ಪುಸ್ತಕ ಕಟ್ಟುತ್ತಾರೆ. ಅರ್ಧವನ್ನು ತೆಗೆದರೆ ಅದರ ಜೋಡಿಯಾದ ಇನ್ನರ್ಧಕ್ಕೆ ಹಿಡಿತ ತಪ್ಪಿ, ಅದೂ ಉದುರುತ್ತದೆ. ಇಲ್ಲಿ ಉದುರಿರಲಿಲ್ಲ. ಕದ್ದವನು ಹೊಲಿಗೆ ಬಿಚ್ಚಿ, ತನಗೆ ಬೇಕಾದ ಅರ್ಧ ತೆಗೆದುಕೊಂಡು, ಉಳಿದರ್ಧಕ್ಕೆ ಪಟ್ಟಿ ಅಂಟಿಸಿ, ಮೇಣ ಹಚ್ಚಿದ ದಾರದಿಂದ ಮತ್ತೆ ಹೊಲಿದು ಹೋಗಿದ್ದ. ಇಡೀ ಪುಸ್ತಕದಲ್ಲಿ ಗಟ್ಟಿಯಾಗಿದ್ದ ಜಾಗ ಅದೊಂದೇ.

"ಕಳ್ಳತನ ಮಾಡಿ ರಿಪೇರಿನೂ ಮಾಡಿ ಹೋಗಿದ್ದಾನೆ," ಎಂದರು ಇನ್‌ಸ್ಪೆಕ್ಟರ್. "ನಿಮ್ಮಲ್ಲಿ ಈ ಕೆಲಸ ಬಲ್ಲವರು ಯಾರು?"

"ಈಗ ಯಾರೂ ಇಲ್ಲ ಸಾರ್. ಬೈಂಡರ್ ತಾತ ಅಂತ ಇದ್ದರು. ಅವರು ನಿವೃತ್ತರಾಗಿ ಎಷ್ಟೋ ವರ್ಷ ಆಯ್ತು. ಈಗಲೂ ವಾರಕ್ಕೊಂದು ಸಲ ಬಂದು, ಹರಿದದ್ದು ಏನಿದ್ದರೂ ಅಂಟಿಸಿಕೊಟ್ಟು ಹೋಗ್ತಾರೆ. ಮನೇಲಿ ಬೇಜಾರಂತೆ."

"ಸಂದರ್ಶಕರ ಪುಸ್ತಕದಲ್ಲಿ ಅವರ ಸಹಿ ಎಲ್ಲೂ ಕಾಣಲಿಲ್ಲ."

"ಅವರಿಗೆಂಥ ಸಹಿ ಸಾರ್. ಅವರು ನಮ್ಮವರೇ."

ಟೀಚರಮ್ಮ ಕುರ್ಚಿಯಿಂದ ಎದ್ದರು.

"ಅವರು ನಮ್ಮ ಚಿಕ್ಕಪ್ಪ," ಎಂದರು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿ, "ದೂರು ವಾಪಸ್ ತಗೊಳ್ಳಬಹುದಾ ಸಾರ್?"

"ಹಾಳೆ ನಿಮ್ಮದಲ್ಲವಲ್ಲಮ್ಮ. ಸರ್ಕಾರದ್ದು."

ಮರುದಿನ ಬೆಳಿಗ್ಗೆ ಇಬ್ಬರು ಪಂಚರೊಂದಿಗೆ ಇನ್‌ಸ್ಪೆಕ್ಟರ್, ನಿಧಾನಿ ಬೈಂಡರನ ಮನೆಗೆ ಹೋದರು. ಬೇಡವೆಂದರೂ ಕೇಳದೆ ಟೀಚರಮ್ಮ ಹಿಂದಿನಿಂದ ಬಂದರು. ಎರಡೇ ಕೋಣೆಯ ಮನೆ. ಹಿಂದಿನದರಲ್ಲಿ ರಟ್ಟಿನ ಚೂರು, ಗೋಂದಿನ ಬಟ್ಟಲು, ದಬ್ಬಳ, ಮೇಣದ ಉಂಡೆ. ಮುಂದಿನ ಕೋಣೆಯ ಗೋಡೆಯ ಮೇಲೆ ಒಬ್ಬ ಹೆಂಗಸಿನ ಹಳೆಯ ಫೋಟೊ, ಬಹುಶಃ ತಾಯಿಯದು. ಅದರ ಪಕ್ಕದಲ್ಲಿ ಬರಿ ಮೊಳೆ. ಮೊಳೆಗೆ ತುಕ್ಕು ಹಿಡಿದಿತ್ತು. ಫೋಟೊ ಇಳಿಸಿದ ಗುರುತೇನೂ ಗೋಡೆಯಲ್ಲಿರಲಿಲ್ಲ. ಅದಕ್ಕೆ ಯಾವತ್ತೂ ಏನನ್ನೂ ತೂಗುಹಾಕಿದಂತೆ ಕಾಣಲಿಲ್ಲ.

ಎಂಬತ್ತು ದಾಟಿದ ಸಣಕಲು ಮುದುಕ ಖಾಕಿ ಬಟ್ಟೆಗಿಂತ ಅಣ್ಣನ ಮಗಳನ್ನು ಕಂಡು ಹೆಚ್ಚು ಗಾಬರಿಯಾದ.

"ಪುಟ್ಟಿ, ನೀನ್ಯಾಕೆ ಬಂದೆ?"

ಐವತ್ತಾರರ ಪುಟ್ಟಿ ಮುಖ ತಿರುಗಿಸಿಕೊಂಡಳು.

"ಯಜಮಾನ್ರೇ, ಹಾಳೆ ಎಲ್ಲಿದೆ?" ಇನ್‌ಸ್ಪೆಕ್ಟರ್ ಕೇಳಿದರು.

ಮುದುಕ ವಾದಕ್ಕೆ ನಿಲ್ಲಲಿಲ್ಲ. ಪೆಟ್ಟಿಗೆ ತೆರೆದು, ಕ್ಯಾಲಿಕೊ ಬಟ್ಟೆ ಹೊದಿಸಿದ ತೆಳ್ಳನೆಯ ರಟ್ಟಿನ ಕವಚವೊಂದನ್ನು ತಂದು ಎರಡೂ ಕೈಯಲ್ಲಿ ಕೊಟ್ಟ. ಒಳಗೆ ಹಾಳೆ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಕೆಳಗಿನ ಮೂಲೆಯಲ್ಲಿ ಕಂದಿದ ಹೆಬ್ಬೆಟ್ಟಿನ ಗುರುತು.

"ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ?"

"ಏನೂ ಇಲ್ಲ ಸಾರ್."

"ಮತ್ತೆ? ಕೇಳಿದ್ರೆ ಜೆರಾಕ್ಸ್ ಕೊಡ್ತಿದ್ದರಲ್ಲ."

"ಜೆರಾಕ್ಸನ್ನ ಅಪ್ಪ ಮುಟ್ಟಿರಲಿಲ್ಲವಲ್ಲ."

ಮುದುಕನೇ ಮುಂದುವರಿಸಿದ.

"ಅಪ್ಪ ಏಣಿಯಿಂದ ಬಿದ್ದಾಗ ನಾನು ಹೊಟ್ಟೇಲಿದ್ದೆ. ಅಣ್ಣನಿಗಾದರೂ ಅಪ್ಪನ ಹೆಗಲ ಮೇಲೆ ಕೂತ ನೆನಪಿತ್ತು, ಎಣ್ಣೆ ವಾಸನೆ ನೆನಪಿತ್ತು, ಹೇಳಿ ಹೇಳಿ ಹೊಟ್ಟೆ ಉರಿಸ್ತಿದ್ದ. ನನಗೆ ಏನಿತ್ತು? ಇವಳು ಫೋನ್ ಮಾಡಿ ಹೆಬ್ಬೆಟ್ಟಿದೆ ಚಿಕ್ಕಪ್ಪ ಅಂದಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬರಿ ನೋಡ್ಕೊಂಡು ಬರೋಣ ಅಂತ ಹೋದೆ. ಅದರ ಮೇಲೆ ಬೆರಳಿಟ್ಟೆ. ಆಮೇಲೆ ಬಿಟ್ಟು ಬರೋಕಾಗಲಿಲ್ಲ."

"ತೆಗೆದವರು ಸುಮ್ಮನೆ ಬರಬೇಕಿತ್ತು. ಮತ್ತೆ ಯಾಕೆ ಹೊಲಿದ್ರಿ?" ನಿಧಾನಿ ಕೇಳಿದ. ಆ ಪ್ರಶ್ನೆ ಅವನನ್ನು ನಿನ್ನೆಯಿಂದ ಕಾಡುತ್ತಿತ್ತು. "ಹೊಲಿಯದೆ ಇದ್ದಿದ್ರೆ ನಾವು ನಿಮ್ಮ ಹತ್ತಿರ ಬರ್ತಾನೇ ಇರಲಿಲ್ಲ."

"ಆ ಕಡೆ ಹಾಳೇಲಿದ್ದವನು ಕಸ ಗುಡಿಸುವವ. ಅವನೂ ಯಾರದೋ ಅಪ್ಪ ತಾನೇ? ನಾಳೆ ಅವರ ಮನೆಯವರು ಹುಡುಕಿಕೊಂಡು ಬಂದರೆ, ಅವನು ಉದುರಿ ಹೋಗಿರಬಾರದಲ್ಲ."

ಪಂಚನಾಮೆ ಬರೆದು, ಪಂಚರ ಸಹಿ ಹಾಕಿಸಿ, ಹಾಳೆಯನ್ನು ಕವಚ ಸಮೇತ ವಶಕ್ಕೆ ಪಡೆದರು. ದಸ್ತಗಿರಿಯ ಕಾರಣ ಓದಿ ಹೇಳಿದರು. ಮುದುಕ ಅಂಗಿ ಬದಲಿಸಿಕೊಂಡು, ಗೋಂದಿನ ಬಟ್ಟಲಿಗೆ ಮುಚ್ಚಳ ಹಾಕಿ ಹೊರಟ.

ಠಾಣೆಯಲ್ಲಿ ನಿಯಮದಂತೆ ಬೆರಳಚ್ಚು ತೆಗೆಯಬೇಕಿತ್ತು. ನಿಧಾನಿ ಮುದುಕನ ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಮೆಲ್ಲಗೆ ಉರುಳಿಸಿದ. ಮುದುಕ ಆ ಕಪ್ಪು ಗುರುತನ್ನು ನೋಡುತ್ತಾ ನಿಂತ.

"ಸಾರ್, ಒಂದು ಸಲ ಅದನ್ನ ಪಕ್ಕದಲ್ಲಿ ಇಟ್ಟು ನೋಡಬಹುದಾ?"

ಕವಚಕ್ಕೆ ಇನ್ನೂ ಅರಗಿನ ಮೊಹರು ಬಿದ್ದಿರಲಿಲ್ಲ. ಇನ್‌ಸ್ಪೆಕ್ಟರ್ ಬಾಗಿಲು ಮುಂದೆ ಮಾಡಿ, ಹಾಳೆ ತೆಗೆದು ಮೇಜಿನ ಮೇಲೆ ಹರವಿದರು. ಬೆರಳಚ್ಚಿನ ಕಾಗದವನ್ನು ಅದರ ಮಗ್ಗುಲಿಗೆ ಸರಿಸಿದರು. ಅಪ್ಪ ಇಪ್ಪತ್ತೈದರ ಹುಡುಗ, ಮಗ ಎಂಬತ್ತೊಂದರ ಮುದುಕ.

"ನೀವು ದಿನಾ ಇದನ್ನೇ ನೋಡೋರು. ಹೋಲುತ್ತಾ ಸಾರ್?"

ಹೌದು ಅನ್ನುವುದು ಸುಲಭವಿತ್ತು. ಆದರೆ ಇಷ್ಟು ದೂರ ಹುಡುಕಿ ಬಂದವನಿಗೆ ಸುಳ್ಳು ಹೇಳಲು ಇನ್‌ಸ್ಪೆಕ್ಟರಿಗೆ ಮನಸ್ಸು ಬರಲಿಲ್ಲ.

"ಇಲ್ಲ ಯಜಮಾನ್ರೇ. ಯಾರದ್ದೂ ಯಾರನ್ನೂ ಹೋಲೋದಿಲ್ಲ. ಅದಕ್ಕೇ ನಾವು ತಗೊಳ್ಳೋದು."

ಮುದುಕ ಬಾಗಿದ. ರಟ್ಟು ಅಳೆಯುವವರಂತೆ ತೋರುಬೆರಳು, ನಡುಬೆರಳು ಅಗಲಿಸಿ ಅಪ್ಪನ ಗುರುತಿನ ಅಗಲ ಹಿಡಿದ. ಬೆರಳು ಅಲುಗದಂತೆ ತಂದು ತನ್ನದರ ಮೇಲಿಟ್ಟ.

"ಅಳತೆ ಒಂದೇ," ಎಂದ.

ಟೀಚರಮ್ಮ ಬೆಳಗಿನಿಂದ ಅವನೊಡನೆ ಒಂದು ಮಾತನ್ನೂ ಆಡಿರಲಿಲ್ಲ. ಈಗ ಚೀಲದಿಂದ ಕರವಸ್ತ್ರ ತೆಗೆದು ನೀರಲ್ಲಿ ಅದ್ದಿ, ಚಿಕ್ಕಪ್ಪನ ಕೈ ಎಳೆದುಕೊಂಡರು.

"ಇರಲಿ ಬಿಡು ಪುಟ್ಟಿ," ಅವನು ಕೈ ಹಿಂದಕ್ಕೆ ಎಳೆದ. "ಇವತ್ತೊಂದು ದಿನ ಒರೆಸೋದು ಬೇಡ."

ಸಂಜೆ ಜಾಮೀನಿನ ಮೇಲೆ ಬಿಟ್ಟರು. ಬೀದಿ ದೀಪಗಳು ತಾವೇ ಹೊತ್ತಿಕೊಳ್ಳುವ ಹೊತ್ತು. ಟೀಚರಮ್ಮ ಚಿಕ್ಕಪ್ಪನ ಕೈಹಿಡಿದು ಮೆಟ್ಟಿಲಿಳಿಸುತ್ತಿದ್ದರು. ಮುದುಕ ಮೊದಲ ಕಂಬದ ಕೆಳಗೆ ನಿಂತು ಮೇಲೆ ನೋಡಿದ, ಆಮೇಲೆ ನಡೆದ.

ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಆರೋಪಿಯು ತನ್ನ ತಂದೆಯನ್ನು ಒಮ್ಮೆಯೂ ಕಂಡಿರುವುದಿಲ್ಲ.