ಬಾಡಿಗೆ ಡಿಸ್ಕಿನಲ್ಲಿಲ್ಲದ ದನಿ

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಂತೆ... ತಗೊಳ್ಳೋದು ಬಾಡಿಗೆ ಡಿಸ್ಕು, ಅದರಲ್ಲಿ ಬೋನಸ್ ಬೇರೆ ಕೇಳ್ತಾರೆ.”

ಅವಳು ಅದನ್ನು ತನ್ನಷ್ಟಕ್ಕೆ ಗೊಣಗಿಕೊಳ್ಳಬೇಕೆಂದಿದ್ದಳು. ಆದರೆ ಶನಿವಾರ ಸಂಜೆಯ ಗದ್ದಲದ ನಡುವೆ ಆ ಮಾತು ಹೇಗೋ ಜೋರಾಗಿ ಹೊರಬಿದ್ದು, ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಆ ಅಂಗಡಿಯ ಕೊನೆಯ ಕಪಾಟಿನವರೆಗೂ ಕೇಳಿಸಿಬಿಟ್ಟಿತು.

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು.

ಕೌಂಟರಿನ ಆಚೆ ನಿಂತಿದ್ದವನು ನಗಲಿಲ್ಲ. ಲಿಫ್ಟ್ ರಿಪೇರಿ ಕೆಲಸದವನು. ಅಂಗಿಯ ಜೇಬಿನ ಮೇಲೆ ಕಂಪನಿಯ ಹೆಸರಿತ್ತು, ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿತ್ತು. ಡಬ್ಬಿಯ ಮೇಲೆ ಬರೆದದ್ದು ಡಿಸ್ಕಿನಲ್ಲಿಲ್ಲ ಎಂಬ ಅದೇ ದೂರು ಹೊತ್ತು ಅವನು ಬಂದದ್ದು ಇದು ಮೂರನೇ ಸಲ.

ಅವನು ಸಿಟ್ಟಾಗಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಆ ಕಣ್ಣುಗಳಲ್ಲಿ ಸಿಟ್ಟೇ ಇರಲಿಲ್ಲ... ಬರೀ ದಣಿವು.

“ಅದು ಬೋನಸ್ ಅಲ್ಲ ಮೇಡಂ,” ಅಂದ. ಇನ್ನೇನೋ ಹೇಳಲು ಹೋಗಿ, ಬೇಡವೆನಿಸಿ, “ಇರ್ಲಿ. ಯಾವುದಾದ್ರೂ ಹಳೇದೇ ಕೊಡಿ,” ಅಂದ.

ಅವಳು ಕೊಟ್ಟಳು. ಅವನು ತೆಗೆದುಕೊಂಡು ಹೋದ.

ನಿಜ ಹೇಳಬೇಕೆಂದರೆ ಅವಳದೇನು ತಪ್ಪು? ಹೊಸ ಡಿಸ್ಕಿನ ಡಬ್ಬಿಯ ಹಿಂದೆ ಏನೇನೋ ಅಚ್ಚಾಗಿರುತ್ತದೆ. ಸಿನಿಮಾ ತಯಾರಾದ ಕತೆ, ಕತ್ತರಿಸಿ ಎಸೆದ ದೃಶ್ಯಗಳು, ನಿರ್ದೇಶಕರ ಮಾತು... ಜನ ಆಸೆಪಟ್ಟು ಮನೆಗೊಯ್ದು ಹಾಕಿ ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ‘ಇದು ಬಾಡಿಗೆ ಪ್ರತಿ. ಹೆಚ್ಚುವರಿ ಭಾಗಗಳಿಗಾಗಿ ಡಿಸ್ಕನ್ನು ಕೊಂಡುಕೊಳ್ಳಿ.’

ಡಬ್ಬಿಗೆ ಅದೇ ಕಾಗದ, ಒಳಗಿನ ಡಿಸ್ಕ್ ಮಾತ್ರ ಬೇರೆ. ಬಾಡಿಗೆಗೆ ತರುವವನು ಅರ್ಧ ಮನುಷ್ಯ, ಅವನಿಗೆ ಅರ್ಧ ಸಾಕು ಎಂದು ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತವನೊಬ್ಬ ತೀರ್ಮಾನಿಸುತ್ತಾನೆ. ಬೈಗುಳ ತಿನ್ನಲು ಮಾತ್ರ ಕೌಂಟರಿನಲ್ಲಿ ಇವಳು ನಿಂತಿರಬೇಕು, ಕಾಲು ಊದಿಸಿಕೊಂಡು, ಬೆಳಗಿನಿಂದ ಸಂಜೆವರೆಗೆ.

ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡಾಗಲೂ ಅದೇ ದನಿ.

ಅದು ಬೋನಸ್ ಅಲ್ಲ ಮೇಡಂ...

ಹಾಗಾದರೆ ಇನ್ನೇನು?

ಉತ್ತರ ಸಿಕ್ಕಿದ್ದು ಅವನು ಆ ಹಳೇ ಡಿಸ್ಕನ್ನು ಹಿಂದಿರುಗಿಸದೇ ಉಳಿದಾಗ. ವಾಪಸ್ ಬಾರದ ಡಿಸ್ಕುಗಳನ್ನು ಮನೆಮನೆಗೆ ಹೋಗಿ ತರುವ ಕೆಲಸವನ್ನೂ ಅಂಗಡಿಯ ಯಜಮಾನ ಅವಳ ತಲೆಗೇ ಕಟ್ಟಿದ್ದ. ಅದೂ ಭಾನುವಾರ, ಅಂಗಡಿ ಮುಚ್ಚಿರುವ ದಿನ. ಹೇಗೂ ರಜಾ ಅಲ್ವಾ, ಸುಮ್ಮನೆ ಒಂದು ಸುತ್ತು ಹಾಕ್ಕೊಂಡು ಬಾ ಎಂದಿದ್ದ, ದೊಡ್ಡ ಉಪಕಾರ ಮಾಡಿದವನಂತೆ.

ಅವನ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಅವಳು ಏದುಸಿರು ಬಿಡುತ್ತ ಮೇಲೆ ಬಂದಾಗ ಬಾಗಿಲು ಅರೆ ತೆರೆದಿತ್ತು. ಒಳಗೆ ಟೀವಿಯ ಸದ್ದು, ಅದರ ಮೇಲೆ ಅವನ ದನಿ.

“ಈಗ ಒಬ್ಬ ಬಂದ.”

“ಯಾರೋ?” ವಯಸ್ಸಾದ ಹೆಂಗಸಿನ ದನಿ.

“ಅವನೇ. ಆಗಲೇ ಬಂದಿದ್ನಲ್ಲ, ಅವನು.”

“ಏನ್ ಮಾಡ್ತಿದಾನೆ?”

“ಕೂತ್ಕೊಂಡ... ಎದ್ದ.”

“ಅವಳು?”

“ಅವಳೂ ಇದಾಳೆ.”

ಆಮೇಲೆ ಬರೀ ಸಂಗೀತ. ಬಹಳ ಹೊತ್ತು.

“ಈಗೇನಾಗ್ತಿದೆಯೋ?”

“ಏನಿಲ್ಲಮ್ಮ. ಸುಮ್ನೆ ಮಾತಾಡ್ತಿದಾರೆ.”

“ಯಾರ ದನಿನೂ ಕೇಳ್ತಿಲ್ವಲ್ಲೋ. ಬರೀ ಪಿಟೀಲು ಕುಯ್ತಾ ಇದೆ.”

ಅವಳಿಗೆ ನಗು ಬಂತು. ಬಾಗಿಲ ಸಂದಿಯಿಂದ ಇಣುಕಿದಳು. ನಗು ಅಲ್ಲೇ ಸತ್ತಿತು.

ಕುರ್ಚಿಯಲ್ಲಿ ಕೂತ ಅವನ ಅಮ್ಮನ ಮುಖ ಟೀವಿಯ ಕಡೆಗಿರಲಿಲ್ಲ. ಗೋಡೆಯ ಕಡೆಗಿತ್ತು. ಕಿವಿ ಮಾತ್ರ ಟೀವಿಯ ಕಡೆ ವಾಲಿತ್ತು. ಕಣ್ಣುಗಳು ತೆರೆದೇ ಇದ್ದವು, ಏನನ್ನೂ ನೋಡದೆ...

ಅವಳಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಕಣ್ಣು ಕಾಣದವರಿಗಾಗಿ ದೃಶ್ಯಗಳನ್ನು ಬಾಯಲ್ಲಿ ಹೇಳುತ್ತ ಹೋಗುವ ಒಂದು ದನಿ ಇರುತ್ತದೆ. ಮಾತುಗಳ ನಡುವಿನ ಖಾಲಿ ಜಾಗದಲ್ಲಿ ಅದು ಬಂದು, ಯಾರು ಬಂದರು, ಯಾರು ಅತ್ತರು, ಬಾಗಿಲು ಯಾಕೆ ಮುಚ್ಚಿತು ಎಂದು ಹೇಳುತ್ತದೆ. ಅಂಗಡಿಯ ಹಳೇ ಡಿಸ್ಕುಗಳಲ್ಲಿ ಕೆಲವುಗಳಲ್ಲಿ ಅದಿತ್ತು, ಅವಳು ಆವತ್ತು ಕೈಗೆ ಸಿಕ್ಕಿದ್ದು ಎತ್ತಿಕೊಟ್ಟದ್ದರಲ್ಲಿ ಇರಲಿಲ್ಲ. ಹೊಸ ಡಬ್ಬಿಗಳ ಮೇಲೂ ಅಚ್ಚಾಗಿರುತ್ತಿತ್ತು, ಬೋನಸ್ಸಿನ ಪಟ್ಟಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ಬಾಡಿಗೆ ಪ್ರತಿಯಲ್ಲಿ ಬೋನಸ್ಸಿನ ಜೊತೆಗೆ ಅದನ್ನೂ ಕಿತ್ತು ಹಾಕಿದ್ದರು.

ಕಣ್ಣಿಲ್ಲದವಳ ಕಣ್ಣೂ ಬೋನಸ್ಸಂತೆ. ಇಂಥ ಬುದ್ಧಿಗೆ ಬೆಂಕಿ ಬೀಳಲಿ.

‘ಮತ್ತೆ ನಾನು... ಅಷ್ಟು ಜನರ ಮುಂದೆ...’ ಅವಳಿಗೆ ಅಲ್ಲಿಂದ ಇಳಿದು ಓಡಿಹೋಗಬೇಕೆನಿಸಿತು.

“ಬಾಗಿಲ ಹತ್ರ ಯಾರೋ ಇದಾರೆ ನೋಡೋ. ಪಾಪ, ಉಸಿರು ಬಿಡ್ತಿದಾರೆ,” ಅಂದರು ಅಮ್ಮ.

ಅವನು ತಿರುಗಿ ಅವಳನ್ನು ಕಂಡ. ಮುಖ ಗಟ್ಟಿಯಾಯಿತು. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ, ಅದಕ್ಕೇ ತಡವಾಯಿತು, ಈಗಲೇ ಕೊಡುತ್ತೇನೆ ಎಂದು ಡಿಸ್ಕ್ ತೆಗೆಯಲು ಹೋದ. ಅಮ್ಮ ಬಿಡಲಿಲ್ಲ. ಇನ್ನೂ ಮುಗಿದಿಲ್ಲ, ಬಂದವರು ಕೂತು ಟೀ ಕುಡಿಯಲಿ ಎಂದು ಮಗನನ್ನು ಒಲೆಯ ಹತ್ತಿರ ಅಟ್ಟಿದರು. ಅವನು ಹೋದದ್ದೇ ತಡ, ದನಿ ತಗ್ಗಿಸಿ ಕೇಳಿದರು.

“ಆ ಹುಡುಗಿ ಹಾಕಿರೋ ಬಟ್ಟೆ ಯಾವ ಬಣ್ಣ ಹೇಳಮ್ಮ. ಕಣ್ಣು ಹೋಗೋವರೆಗೂ ನಾನು ಹೊಲಿಗೆ ಕೆಲಸದವಳು. ಇವನನ್ನ ಕೇಳಿದ್ರೆ ಎಲ್ಲಾನೂ ಒಂಥರಾ ನೀಲಿ ಅಂತಾನೆ.”

ಅವಳು ಪರದೆಯನ್ನು ನೋಡಿದಳು. ದಿನವಿಡೀ ಡಿಸ್ಕ್ ಒರೆಸುವವಳು, ಡಿಸ್ಕಿನೊಳಗೆ ಏನಿದೆಯೆಂದು ನೋಡದೇ ಎಷ್ಟು ಕಾಲವಾಗಿತ್ತೋ.

“ನೀಲಿನೇ ಅಮ್ಮ,” ಅಂದಳು ನಿಧಾನವಾಗಿ. “ಆದ್ರೆ ಒಗೆದು ಒಗೆದು ಸೋತುಹೋಗಿರೋ ನೀಲಿ. ಹೊಲಿಗೆ ಹತ್ರ ಮಾತ್ರ ಇನ್ನೂ ಬಣ್ಣ ಉಳಿದಿದೆ. ತೋಳು ಉದ್ದ... ಅವಳು ತೋಳಿನ ತುದಿನ ಮುಷ್ಟಿಲಿ ಹಿಡ್ಕೊಂಡಿದಾಳೆ. ಅಳು ತಡೆಯೋಕೆ ಇರಬೇಕು.”

ಅಮ್ಮನ ಮುಖದಲ್ಲಿ ಏನೋ ಹೊತ್ತಿಕೊಂಡಿತು.

“ಅಯ್ಯೋ, ಅಳ್ತಿದ್ಲಾ ಅವಳು? ಈ ಮಹಾರಾಯ ಹೇಳ್ಲೇ ಇಲ್ಲ ನೋಡು.”

ಟೀ ಲೋಟ ಹಿಡಿದು ಬಂದವನು ಅಲ್ಲೇ ನಿಂತುಬಿಟ್ಟ. ಸಿನಿಮಾ ಮುಗಿಯುವವರೆಗೂ ಅವಳು ಹೇಳುತ್ತಲೇ ಇದ್ದಳು. ಟೀ ಆರಿತು.

ಹಾಗೆ ಶುರುವಾಯಿತು.

ಪ್ರತಿ ಭಾನುವಾರ ಅವಳು ಒಂದು ಹೊಸ ಡಿಸ್ಕ್ ಹಿಡಿದು ಆ ಮೆಟ್ಟಿಲುಗಳನ್ನು ಹತ್ತಿದಳು. ಅಕ್ಕನ ಮನೆಯಲ್ಲಿ ಇದ್ದವಳು. ವಾರವೆಲ್ಲ ಡಿಸ್ಕಿನ ಮಧ್ಯೆ ಸಾಯೋದು ಸಾಲದೂಂತ ರಜಾ ದಿನವೂ ಸಿನಿಮಾನಾ, ಮೀನಿಗೂ ನೀರಡಿಕೆಯಾ ಎಂದು ಅಕ್ಕ ರೇಗಿಸುತ್ತಿದ್ದಳು. ಭಾವ ಪೇಪರಿನ ಹಿಂದಿನಿಂದ ಕೆಮ್ಮುತ್ತಿದ್ದರು.

ಅವರಿಗೆ ಹೇಗೆ ಹೇಳುವುದು? ಇಡೀ ವಾರದಲ್ಲಿ ‘ನಿನಗೆ ಏನು ಕಾಣ್ತಿದೆ’ ಎಂದು ಯಾರಾದರೂ ಅವಳನ್ನು ಕೇಳುವ ಜಾಗ ಅದೊಂದೇ ಎಂದು...

ಮತ್ತೆ ಅವನು.

ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಮಾತು ಕಡಿಮೆ. ಮೊದಲ ವಾರಗಳಲ್ಲಿ ಪರದೆ ನೋಡುತ್ತಿದ್ದವನು, ಬರಬರುತ್ತ ಕಣ್ಣು ಮುಚ್ಚಿಕೊಂಡು ಅವಳ ಮಾತನ್ನು ಕೇಳತೊಡಗಿದ್ದ. ಅದನ್ನು ಕಂಡ ದಿನ ಅವಳ ದನಿ ತಡವರಿಸಿತು. ಕುದುರೆ ಸವಾರನ ಬಗ್ಗೆ ಹೇಳುತ್ತಿದ್ದವಳು ಕುದುರೆಯನ್ನೇ ಮರೆತಳು. ಅವನು ನಡೆದುಕೊಂಡೇ ಬಂದ್ನಾ ಎಂದು ಅಮ್ಮ ಕೇಳಬೇಕಾಯಿತು.

ಅವಳು ಕ್ಷಮೆ ಮಾತ್ರ ಕೇಳಿರಲಿಲ್ಲ. ಪ್ರತಿ ಸಲವೂ ಬಾಯಿಯವರೆಗೆ ಬರುತ್ತಿತ್ತು. ಅವನೇ ಮರೆತಿರುವಾಗ ಎತ್ತುವುದೇಕೆ ಎಂದು ನುಂಗಿಕೊಳ್ಳುತ್ತಿದ್ದಳು.

ಅವನು ಮರೆತಿರಲಿಲ್ಲ.

ಒಂದು ಭಾನುವಾರ ಸಂಜೆ ಅವಳನ್ನು ಬಸ್‌ಸ್ಟಾಪಿನವರೆಗೆ ಬಿಡಲು ಬಂದವನು, ಮೆಟ್ಟಿಲಿನ ತಿರುವಿನಲ್ಲಿ ನಿಂತ.

“ಇನ್ನು ನೀವು ಬರೋದು ಬೇಡ.”

ಅವಳಿಗೆ ಕೇಳಿಸಿತು, ಅರ್ಥವಾಗಲಿಲ್ಲ.

“ನೀವು ಯಾಕೆ ಬರ್ತೀರ ಅಂತ ನಂಗೊತ್ತು,” ಅಂದ, ಗೋಡೆ ನೋಡುತ್ತ. “ಆವತ್ತು ಅಂದ ಒಂದು ಮಾತಿಗೆ ಇಷ್ಟು ಭಾನುವಾರ ಕೊಟ್ರಿ, ಸಾಕು. ನಿಮಗಿರೋದೇ ಒಂದು ರಜಾ. ಅಮ್ಮ ನಿಮ್ಮನ್ನ ಹಚ್ಕೊಂಡ್ಬಿಟ್ಟಿದಾರೆ. ಕನಿಕರ ಎಷ್ಟು ದಿನ ಬರುತ್ತೆ ಹೇಳಿ? ಅದು ಮುಗಿದ ದಿನ ಅವರಿಗೆ ಯಾರು ಸಮಾಧಾನ ಹೇಳೋದು?”

‘ಅವರಿಗೋ... ನಿಮಗೋ?’

ಕೇಳಬೇಕಿತ್ತು. ಕನಿಕರವಲ್ಲ ಎಂದು ಅಲ್ಲೇ ಕೂಗಿ ಹೇಳಬೇಕಿತ್ತು. ವಾರದ ದಣಿವೆಲ್ಲ ಒಟ್ಟಿಗೆ ಬಂದು ಅವಳ ನಾಲಿಗೆಯ ಮೇಲೆ ಕೂತಿತು.

“ಆಯ್ತು,” ಅಂದಳು.

ಒಬ್ಬಳೇ ಬಸ್ ಹತ್ತಿದಳು.

ಆ ವಾರ ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಬೋನಸ್ ಇಲ್ಲ ಎಂದು ಬೈದವರು ಬೈದು ಹೋದರು, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ದನಿ ಇರುವ ಪ್ರತಿಗಳನ್ನು ತರಿಸಿ ಎಂದು ಒಮ್ಮೆ ಯಜಮಾನನನ್ನು ಕೇಳಿದಳು. ಕಣ್ಣಿಲ್ಲದವರು ಸಿನಿಮಾ ನೋಡ್ತಾರೇನಮ್ಮ ಎಂದು ಅವನು ನಕ್ಕ. ಒಂದು ಕಾಲದಲ್ಲಿ ತಾನೂ ಹೀಗೇ ಇದ್ದೆನಲ್ಲ ಎಂದು ಅವಳು ಮುಖ ತಿರುಗಿಸಿಕೊಂಡಳು.

ಕೆಲವೊಮ್ಮೆ ಡಿಸ್ಕ್ ಒರೆಸುತ್ತ ನಿಂತಲ್ಲೇ ನಿಲ್ಲುತ್ತಿದ್ದಳು. ಬಾಗಿಲ ಪಕ್ಕದ ಸ್ಟೂಲು ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿಗೆ ಹೋಗದಿದ್ದರೆ ಭಾನುವಾರವೂ ಒಂದು ಸೋಮವಾರ. ಅಷ್ಟೇ. ಸಾಯುವವರೆಗೂ ಬರೀ ಸೋಮವಾರಗಳು.

ಹೇಳದೇ ಇದ್ದರೆ ಅವನು ಕನಿಕರವೆಂದೇ ನಂಬಿ ಬದುಕುತ್ತಾನೆ.

ಭಾನುವಾರ ಅವಳು ಮತ್ತೆ ನಾಲ್ಕು ಮಹಡಿ ಹತ್ತಿದಳು.

ಬಾಗಿಲು ತೆಗೆದವನು ದಾರಿ ಬಿಡಲಿಲ್ಲ. ಒಳಗಿನಿಂದ ಅಮ್ಮ, ಬಂದ್ಲು ನೋಡು, ಅವಳಿಗೆ ಹುಷಾರಿಲ್ಲ ಅಂದ್ಯಲ್ಲೋ ಎಂದದ್ದಕ್ಕೆ ಪಕ್ಕಕ್ಕೆ ಸರಿಯಲೇಬೇಕಾಯಿತು. ಸುಳ್ಳು ಸಿಕ್ಕಿಬಿದ್ದವನು ಸ್ಟೂಲಿನ ಮೇಲೆ ಹೋಗಿ ಕೂತ.

ಅವಳು ತಂದದ್ದು ಪ್ರೇಮಕತೆ. ಹುಡುಗ ಹುಡುಗಿ ಎದುರು ಬದುರು ನಿಂತಿದ್ದರು. ಮಾತಿಲ್ಲ, ಸಂಗೀತವಷ್ಟೇ. ಅವಳು ಹೇಳುತ್ತಿದ್ದಳು, ಹುಡುಗಿ ಹತ್ತಿರ ಬರುತ್ತಿದ್ದಾಳೆ, ಹುಡುಗ ನೆಲ ನೋಡುತ್ತಿದ್ದಾನೆ...

ಡಿಸ್ಕ್ ಸಿಕ್ಕಿಕೊಂಡಿತು. ಎಷ್ಟು ಕೈ ದಾಟಿ ಗೀರುಬಿದ್ದ ಬಾಡಿಗೆ ಡಿಸ್ಕೋ ಏನೋ. ಸಂಗೀತ ನಿಂತಿತು. ಪರದೆಯ ಮೇಲೆ ಅವರಿಬ್ಬರೂ ಕಲ್ಲಾದರು.

ಅವನು ಸರಿ ಮಾಡಲು ಅರ್ಧ ಎದ್ದ.

ಅವಳು ಮಾತು ನಿಲ್ಲಿಸಲಿಲ್ಲ.

“ಹುಡುಗ ಬಾಗಿಲ ಹತ್ರ ಇದಾನೆ ಅಮ್ಮ,” ಅಂದಳು. ಕಣ್ಣು ಪರದೆ ಬಿಟ್ಟು ಸ್ಟೂಲಿನ ಕಡೆ ತಿರುಗಿತ್ತು. “ಅಂಗಿ ಜೇಬಿನ ಹತ್ರ ದಾರ ಬಿಟ್ಟಿದೆ. ಕೈ ತೊಳ್ಕೊಂಡಿದಾನೆ, ಆದ್ರೂ ಉಗುರಲ್ಲಿ ಕಪ್ಪು ಹೋಗಿಲ್ಲ. ಅವನಿಗೆ ಒಂದು ಹಟ ಇದೆ. ಹುಡುಗಿ ಒಂದ್ಸಲ ಎಲ್ಲರ ಮುಂದೆ ಅವನಿಗೆ ಕೆಟ್ಟ ಮಾತಾಡಿದ್ಲು. ಆ ಪಾಪ ತೊಳ್ಕೊಳ್ಳೋಕೆ ಮನೆಗೆ ಬರ್ತಾಳೆ ಅಂದ್ಕೊಂಡಿದಾನೆ.”

ಅರ್ಧ ಎದ್ದವನು ಹಾಗೇ ನಿಂತ.

“ಅದಕ್ಕಲ್ವಾ?” ಅಮ್ಮ ಮೆಲ್ಲಗೆ ಕೇಳಿದರು.

“ಮೊದಲನೇ ವಾರ ಅದಕ್ಕೇ ಇತ್ತು ಅಮ್ಮ. ಈಗ ಅವಳಿಗೆ ಅವನು ಬೇಕು. ಅಷ್ಟೇ. ಅವನು ಕಣ್ಮುಚ್ಚಿ ಕೂತಾಗ ಅವಳು ಸಿನಿಮಾನೇ ನೋಡಲ್ಲ, ಬಾಯಿಗೆ ಬಂದಿದ್ದು ಹೇಳ್ತಾಳೆ. ಅವನು ಬೇಡ ಅಂದ್ರೆ ಬೇಡ ಅಂತ ಹೇಳ್ಲಿ. ಕನಿಕರ ಅಂತ ಮಾತ್ರ ಅನ್ನಬಾರದು.”

ಅಮ್ಮ ಯಂತ್ರದ ಗುಂಯ್‌ಗುಟ್ಟುವಿಕೆಗೆ ಕಿವಿಗೊಟ್ಟರು.

“ಮಗಳೇ,” ಅಂದರು ಅಮ್ಮ, “ಸಿನಿಮಾ ನಿಂತು ಆಗಲೇ ಹೊತ್ತಾಯ್ತು. ನಂಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಅವನೇನ್ ಮಾಡ್ತಿದಾನೆ, ಅದನ್ನ ಹೇಳು.”

ಅವಳು ಕಣ್ಣೊರೆಸಿಕೊಂಡು ನೋಡಿದಳು.

“ನಿಂತಿದಾರೆ ಅಮ್ಮ. ನನ್ನನ್ನೇ ನೋಡ್ತಿದಾರೆ. ಬಾಯಿ ತೆರೆದ್ರು... ಮುಚ್ಚಿದ್ರು.”

“ಆಮೇಲೆ?”

ಅವನು ತಿರುಗಿದ. ಬಾಗಿಲು ದಾಟಿದ. ಹೊರಗೆ ಕತ್ತಲೆ ಮೂಲೆಯಲ್ಲಿ ಕಾಲಿಗೆ ಚಪ್ಪಲಿ ತುರುಕಿಕೊಂಡು ಮೆಟ್ಟಿಲಿಳಿಯತೊಡಗಿದ.

“ಹೋಗ್ತಿದಾರೆ ಅಮ್ಮ,” ಅಂದವಳು ಬಿಕ್ಕಿದಳು.

ಅಮ್ಮ ಕತ್ತು ವಾಲಿಸಿ ಆಲಿಸಿದರು. “ಅಳಬೇಡ, ಇರು. ಒಂದು ಹೆಜ್ಜೆ ಸರಿಯಾಗಿ ಬೀಳ್ತಿಲ್ಲ ಅವಂದು. ಎಳ್ಕೊಂಡು ಹೋಗ್ತಿದಾನೆ. ಬಾಗಿಲ ಹತ್ರ ಏನಿದೆ ನೋಡು.”

ಅವಳು ಹೊರಗೆ ಬಂದಳು. ಗೋಡೆಯ ಪಕ್ಕ ಅವನ ದೊಡ್ಡ ಕರಿ ಚಪ್ಪಲಿ ಒಂದಿತ್ತು. ಅದರ ಪಕ್ಕದಲ್ಲಿ ಅವಳದೊಂದು.

“ಅವರದೊಂದು ಇಲ್ಲೇ ಇದೆ... ನಂದೊಂದು ಇಲ್ಲ ಅಮ್ಮ.”

“ಪೆದ್ದು,” ಅಂದರು ಅಮ್ಮ. ಎಷ್ಟೋ ಕಾಲದ ಭಾರ ಇಳಿಸಿದವರಂತೆ ಕುರ್ಚಿಗೆ ಒರಗಿದರು. “ಅಷ್ಟೂ ಗೊತ್ತಾಗದ ಹಾಗೆ ತಲೆ ಕೆಟ್ಟಿದೆ ಅಂದ್ರೆ ಇನ್ನೇನ್ ಬಾಯಲ್ಲಿ ಹೇಳ್ಬೇಕು? ನೋಡಿ ಹೇಳಮ್ಮ, ಎಲ್ಲಿವರೆಗೆ ಹೋದ?”

ಅವಳು ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಅವನು ಅಂಗಳ ದಾಟುತ್ತಿದ್ದ. ಅವಳ ಪುಟ್ಟ ಚಪ್ಪಲಿಯಿಂದ ಅವನ ಹಿಮ್ಮಡಿ ಅರ್ಧ ಹೊರಗಿತ್ತು.

“ಗೇಟಿನ ಹತ್ರ ಇದಾರೆ ಅಮ್ಮ. ಇನ್ನೂ ಗೊತ್ತಾಗಿಲ್ಲ ಅವರಿಗೆ.”

ಅವನು ತಿರುಗಿ ನೋಡಲಿಲ್ಲ. ಒಂದು ಕಾಲನ್ನು ಎಳೆದುಕೊಂಡು, ಹೋಗುತ್ತಲೇ ಇದ್ದ.