ನಾಲ್ಕನೇ ಪದರದ ನಾಣ್ಯ

"ನಿಮ್ಮ ಮೂವತ್ತು ವರ್ಷದ ದುಡಿಮೆ ಈ ತೂತಲ್ಲಿ ಸೋರಿಹೋಯ್ತು ಮೇಡಂ" ಎಂದು ಪ್ರೊಫೆಸರ್ ಚೂ ನಾಣ್ಯ ಎತ್ತಿ ತೋರಿಸಿ ನಕ್ಕ.

ಹಳದಿ ನದಿಯ ದಂಡೆಯಲ್ಲಿ ನಮ್ಮ ಅಗೆತ ನಡೆದಿತ್ತು. ಮಧ್ಯಾಹ್ನದ ನಿದ್ದೆ ಮುಗಿದದ್ದೇ ಚೂ ತನ್ನ ಉಕ್ಕಿನ ಕರಣೆಯಿಂದ ಏಳನೇ ಗುಂಡಿಯ ಗೋಡೆ ಕೆರೆದಿದ್ದ. ನಾಲ್ಕನೇ ಪದರದಿಂದ ಚೌಕ ತೂತಿನ ತಾಮ್ರದ ನಾಣ್ಯ ಉದುರಿತ್ತು. ಅದೇ ಪದರದ ಸುಟ್ಟ ನವಣೆ ಎಂಟು ಸಾವಿರ ವರ್ಷ ಹಳೆಯದೆಂದು ನಮ್ಮ ಅಗೆತದ ಮುಖ್ಯಸ್ಥೆ ಔಯಾಂಗ್ ಶೂಲಾನ್ ಮೇಡಂ ಬರೆದಿದ್ದರು. ನಾಣ್ಯಕ್ಕೆ ಸಾವಿರ ವರ್ಷವೂ ಆಗಿರಲಿಲ್ಲ. ಪದರ ಕಲಬೆರಕೆಯೆಂದರೆ ನವಣೆಯೂ ಸುಳ್ಳು, ಶೂಲಾನ್ ಕೂಡ ಸುಳ್ಳು. ನನಗೆ ಮೈ ಉರಿಯಿತು.

ಮಣ್ಣು ಓದುವುದರಲ್ಲಿ ಕೌ ಮೇಸ್ತ್ರಿಯನ್ನು ಮೀರಿಸಿದವರಿಲ್ಲ. ಅವರ ಜೊತೆ ನಕ್ಷೆ ಬರೆಯುತ್ತ ಹನ್ನೊಂದು ವರ್ಷ ಕಳೆದವನು ನಾನು. ಅವರು ಗೋಡೆಗೆ ನೀರು ಸಿಂಪಡಿಸಿದರು. ನಾಣ್ಯ ಬಿದ್ದ ಜಾಗದ ಸುತ್ತ ಅಂಗೈಯಗಲ ಮಣ್ಣು ಗಟಗಟನೆ ನೀರು ಕುಡಿದು ಕಪ್ಪಾಯಿತು.

"ಇಲ್ಲಿ ಮಣ್ಣು ಸಡಿಲ. ತೇಪೆ. ಯಾರೋ ತೋಡಿ, ನಾಣ್ಯ ಇಟ್ಟು ಮುಚ್ಚಿದ್ದಾರೆ. ಎಲ್ಲರನ್ನೂ ಕರಿ."

ಮೇಸ್ತ್ರಿ ಗೋಡೆಯ ಬಳಿ ನಿಂತರು, ಚೂ ಗುಂಡಿಯ ತಳದಲ್ಲೇ ಕುಳಿತ; ಉಳಿದವರೆಲ್ಲ ಮೇಲೆ ಗುಂಡಿಯ ಸುತ್ತ ಕುಕ್ಕರಗಾಲಲ್ಲಿ ಕುಳಿತರು.

"ಕೂಲಿ ಚಿಯಾವ್‌ದೇ ಕೆಲಸ" ಎಂದ ಚೂ. "ಮೊನ್ನೆ ಮೇಡಂ ಹತ್ರ ಬೈಸ್ಕೊಂಡಿದ್ದ."

"ನೂಡಲ್ಸ್ ತಿಂದು ಮರದಡಿ ಗೊರಕೆ ಹೊಡೀತಿದ್ದೆ ಕಣ್ರೀ! ಬಡವ ಸಿಕ್ಕಿದ ಅಂತ ಬಾಯಿಗೆ ಬಂದಂಗೆ ಆಡ್ಬೇಡಿ!"

"ಸುಮ್ನಿರೋ ಚಿಯಾವ್" ಎಂದರು ಮೇಸ್ತ್ರಿ. "ನೀನಾಗಿದ್ರೆ ಮಣ್ಣು ಮೆತ್ತಿ ಓಡ್ತಿದ್ದೆ. ಇಲ್ಲಿ ನೋಡಿ, ತೇಪೆ ಮೇಲೂ ಪದರ ಗುರುತಿಸೋ ಗೆರೆ ಎಳೆದಿದೆ. ಗೆರೆ ಮುಟ್ಟಿದ್ರೆ ಕೂಲಿಯವನ ಕೆಲಸ ಹೋಗುತ್ತೆ. ಗೆರೆ ಎಳೆಯೋರು ಇಲ್ಲಿ ಇಬ್ಬರೇ, ಮೇಡಂ ಮತ್ತೆ ಪ್ರೊಫೆಸರ್. ಮೇಡಂದು ಬಿದಿರು ಕಡ್ಡಿ. ಅದಕ್ಕೇ ಅಲ್ವೇನ್ರೀ ನೀವು, 'ಊಟದ ಕಡ್ಡೀಲಿ ಇತಿಹಾಸ ಬರೀತೀರಾ' ಅಂತ ಹಂಗಿಸ್ತಿದ್ದದ್ದು?"

ಚೂ ಕರಣೆಯನ್ನು ಬೆನ್ನ ಹಿಂದೆ ಸರಿಸಿದ.

"ಬಿದಿರಿನ ಗೆರೆ ದುಂಡಗೆ, ಅಂಚು ಪುಡಿಪುಡಿ" ಎಂದರು ಮೇಸ್ತ್ರಿ. "ಅದು ತೇಪೆಯ ಆ ಕಡೆ, ಈ ಕಡೆ ಇದೆ. ನಡುವೆ ಮಾತ್ರ ಬ್ಲೇಡ್ ಎಳೆದ ಹಾಗೆ. ಇದು ಉಕ್ಕು. ಗೆರೆ ಇಲ್ಲದ ಗೋಡೆ ಬಿಟ್ಟುಹೋಗೋಕೆ ನಿಮ್ಮ ಕೈ ಕೇಳಲಿಲ್ಲ. ಹತ್ತಡಿ ಗೋಡೇಲಿ ಮೊದಲ ಕೆರೆತಕ್ಕೇ ನಾಣ್ಯ ಹೇಗೆ ಸಿಕ್ತು?"

"ಎಂಟು ಸಾವಿರ ವರ್ಷದ ಹಿಂದೆ ಇಲ್ಲಿ ಬೆಳೆಯೇ ಇರಲಿಲ್ಲ ಅಂತ ಪುಸ್ತಕ ಬರೆದಿದ್ದೀನಿ!" ಚೂ ಕಿರುಚಿದ. "ಒಂದು ಹಿಡಿ ನವಣೆಗೆ ಅದನ್ನ ಸುಡಲಾ?"

ಶೂಲಾನ್ ಎದ್ದರು. ನನ್ನ ನಕ್ಷೆಯ ಹಲಗೆ ಕಿತ್ತುಕೊಂಡು ಅವನ ಮಡಿಲಿಗೆ ಎಸೆದರು.

"ಗೋಡೆಯ ನಕ್ಷೆ ಬರಿ. ತೇಪೆ ಸಮೇತ. ಯಾರು ಹಾಕಿದ್ದು ಅಂತ ಕೆಳಗೆ ಬರೆದು ಸಹಿ ಮಾಡು. ಅಲ್ಲೀವರೆಗೆ ಗುಂಡಿಯಿಂದ ಏಳಬೇಡ."

ಮೇಸ್ತ್ರಿ ಹತ್ತಿ ಬಂದದ್ದೇ ಚಿಯಾವ್ ಏಣಿಯನ್ನು ಮೇಲಕ್ಕೆ ಎಳೆದುಕೊಂಡ.